ಅಕ್ಕಾರ ಹಾಡು, ನಾಲ್ಕೂರ ಸದ್ದು

ಸದ್ದು ಮಾಡಬೇಡಿ ಎಂದು ಎಲ್ಲಿ ಹೇಳುತ್ತೀರೋ ಅಲ್ಲೇ ಯಾರಿಗಾದರೂ ಸೀನು ಬರುತ್ತದೆ. ಮೂವತ್ತು ವರ್ಷದಿಂದ ಸವಣೂರಿನಲ್ಲಿ ಮೈಕ್ ಸೆಟ್ಟಿನ ಅಂಗಡಿ ಇಟ್ಟುಕೊಂಡು ‘ಮೈಕಿನ ಸಾಬ’ ಎನಿಸಿಕೊಂಡಿರುವ ನನಗೆ ಇದು ಚೆನ್ನಾಗಿ ಗೊತ್ತಿರಬೇಕಾಗಿತ್ತು. ಮದುವೆ, ಉರುಸು, ಚುನಾವಣೆ, ಪುರಾಣ, ಪ್ರವಚನ ಎಲ್ಲಕ್ಕೂ ಮೈಕು ಹಾಕಿದವನು ನಾನು. ಅಲ್ಲೆಲ್ಲ ಸದ್ದು ಮಾಡುವುದು ನನ್ನ ಕೆಲಸ. ಸದ್ದು ತಡೆಯುವ ಕೆಲಸ ಜನ್ಮದಲ್ಲಿ ಒಂದೇ ಸಲ ಬಂತು. ಅದರಲ್ಲಿ ನನ್ನ ಮಾನ ಹೋದ ಕಥೆಯನ್ನು ಬೇರೆಯವರು ಉಪ್ಪು ಖಾರ ಹಚ್ಚಿ ಹೇಳುವುದಕ್ಕಿಂತ ನಾನೇ ಹೇಳುವುದು ಮೇಲು.

ನಮ್ಮ ಕಡೆ ‘ಅಕ್ಕಾರು’ ಎಂದರೆ ಯಾವ ಅಕ್ಕಾರು ಎಂದು ಯಾರೂ ಕೇಳುವುದಿಲ್ಲ. ತತ್ವಪದ, ವಚನ, ಅಭಂಗ ಹಾಡುತ್ತ ಪುಣೆ, ಮುಂಬಯಿ, ದಿಲ್ಲಿಯವರೆಗೆ ಹೋಗಿ ಬಂದವರು. ವಯಸ್ಸು ಅರವತ್ತೆಂಟು. ಐವತ್ತು ವರ್ಷ ಹಾಡಿದರೂ ಅವರದೆಂಬ ಒಂದು ಆಲ್ಬಂ ಇರಲಿಲ್ಲ. ಕೇಳಿಕೊಂಡು ಬಂದ ಕಂಪನಿಯವರಿಗೆಲ್ಲ, ಮೊದಲು ನೀವು ಕುಳಿತು ಕೇಳಿರಿ, ಯಂತ್ರದಲ್ಲಿ ತುಂಬಿಸಿಕೊಳ್ಳುವುದು ಆಮೇಲೆ ನೋಡೋಣ ಎಂದು ಊಟ ಹಾಕಿ ಕಳಿಸುತ್ತಿದ್ದರು. ಯಾರು ಯಾರೋ ತುಂಬಿಸಿಕೊಂಡ ಹಳೆಯ ಕ್ಯಾಸೆಟ್ಟುಗಳೆಲ್ಲ ಬೂಷ್ಟು ಹಿಡಿದು ಹೋಗಿದ್ದವು.

ಹೋದ ವರ್ಷ ಅವರ ಗಂಟಲಲ್ಲಿ ಒಂದು ಗಂಟು ಕಾಣಿಸಿಕೊಂಡಿತು. ಹುಬ್ಬಳ್ಳಿಯ ಡಾಕ್ಟರರು ಆಪರೇಶನ್ ಆಗಲೇಬೇಕು, ಜೀವಕ್ಕೆ ಭಯವಿಲ್ಲ, ಆದರೆ ದನಿ ಉಳಿಯುತ್ತದೆಂಬ ಮಾತು ಕೊಡಲಾರೆ ಎಂದರು. ಅಕ್ಕಾರು ಎರಡು ತಿಂಗಳ ಗಡುವು ಕೇಳಿದರು. ಡಾಕ್ಟರರು ಒಲ್ಲದ ಮನಸ್ಸಿನಿಂದ ನಾಲ್ಕೇ ನಾಲ್ಕು ಸಲ, ಒಂದೊಂದು ಸಲಕ್ಕೆ ಒಂದೇ ತಾಸು, ನಡುವೆ ಹದಿನೈದು ದಿನ ಹಾಡು ಬಂದ್ ಎಂದು ಕರಾರು ಹಾಕಿ ಒಪ್ಪಿದರು.

ಅಕ್ಕಾರ ಮನೆಯಲ್ಲಿ ಆರು ಜನ ಹುಡುಗಿಯರು ಹಾಡು ಕಲಿಯುತ್ತಾರೆ. ಅಲ್ಲಿ ಬರೆದುಕೊಳ್ಳುವ ಪದ್ಧತಿಯಿಲ್ಲ. ಅಕ್ಕಾರು ಹಾಡುತ್ತಾರೆ, ಹುಡುಗಿ ಹಾಡಿ ತಪ್ಪುತ್ತಾಳೆ, ಅಕ್ಕಾರು ಮತ್ತೆ ಹಾಡಿ ತೋರಿಸುತ್ತಾರೆ. ಇಷ್ಟೇ ಪಾಠ. ಆಸ್ಪತ್ರೆಯಿಂದ ಬಂದ ಮರುದಿನ ನನ್ನನ್ನು ಕರೆಸಿದರು.

“ನಾಳೆ ನನ್ನ ದನಿ ಹೋದ್ರ ಈ ಹುಡುಗ್ಯಾರನ್ನ ತಿದ್ದಾವ್ರು ಯಾರು? ನನ್ನ ಹಾಡು ತುಂಬಿಸಿ ಇಡು ತಮ್ಮಾ. ನಾ ಬಾಯಿ ತಗೀಲಾರದಾಗ ಅದು ತಿದ್ದಲಿ.”

ನಾನು ಹೂಂ ಅಂದೆ.

ಗಾಜಿನ ಕೋಣೆ

ನನಗೆ ಗೊತ್ತಿದ್ದ ದಾರಿ ಒಂದೇ, ಸ್ಟುಡಿಯೋ. ಹುಬ್ಬಳ್ಳಿಯಲ್ಲಿ ಒಂದನ್ನು ಗೊತ್ತುಮಾಡಿ ಅಕ್ಕಾರನ್ನೂ ತಬಲಾ ಮಾಸ್ತರರನ್ನೂ ಕರೆದುಕೊಂಡು ಹೋದೆ. ಕೋಣೆ ಚಂದ ಇತ್ತು. ಹೊರಗಿನ ಒಂದು ಸದ್ದೂ ಒಳಗೆ ಬಾರದು. ಅಕ್ಕಾರು ಕಿವಿಗೆ ಹೆಡ್‌ಫೋನ್ ಹಾಕಿಸಿಕೊಂಡು ಕುಳಿತು, ತಂಬೂರಿ ಶುರುವಾದ ಮೇಲೆ ಅತ್ತಿತ್ತ ನೋಡಿದರು. ಕೇಳುವವರು ಎಲ್ಲಿ ಎಂದು ನನ್ನನ್ನು ಕೇಳಿದರು. ಗಾಜಿನ ಆಚೆ ಕಂಪ್ಯೂಟರ್ ಮುಂದೆ ಕುಳಿತಿದ್ದ ಸ್ಟುಡಿಯೋದ ತರುಣನನ್ನು ತೋರಿಸಿದೆ.

ಅಕ್ಕಾರು ಅವನನ್ನು ನೋಡಿ ನಕ್ಕು, ಎರಡು ಸಾಲು ಹಾಡಿದರು. ಅವನು ತಲೆ ಎತ್ತಲಿಲ್ಲ. ಅಕ್ಕಾರು ನಿಲ್ಲಿಸಿ, ಊಟ ಆಗಿದೆಯೋ ಇಲ್ಲವೋ ಎಂದು ಅವನನ್ನು ವಿಚಾರಿಸಿದರು. ಆಗಿದೆ ಎಂದ. ಮತ್ತೆ ಎರಡು ಸಾಲು. ಮತ್ತೆ ನಿಲ್ಲಿಸಿ, ಮನೆಯಲ್ಲಿ ಎಲ್ಲರೂ ಆರಾಮ ಇದ್ದಾರೋ ಎಂದು ಕೇಳಿದರು. ಅವನ ಮನೆಯಲ್ಲಿ ಏನೋ ದುಃಖ ಇರಬೇಕು, ಇಲ್ಲದಿದ್ದರೆ ಹಾಡು ಕೇಳಿದ ಮನುಷ್ಯ ಹೀಗೆ ಕೂಡುವುದಿಲ್ಲ ಎಂದು ಅವರ ನಂಬಿಕೆ.

ಮಧ್ಯಾಹ್ನದ ತನಕ ಒಂದು ಪದವೂ ಪೂರ್ತಿಯಾಗಲಿಲ್ಲ. ಕೊನೆಗೆ ನಾನೇ ಕೆಳಗೆ ಹೋಗಿ ವಾಚ್‌ಮನ್‌ನನ್ನು, ಕಸ ಗುಡಿಸುವ ಅವ್ವನನ್ನು, ಚಹಾದ ಅಂಗಡಿಯವನನ್ನು ಕರೆತಂದು ಅಕ್ಕಾರ ಮುಂದೆ ಚಾಪೆ ಹಾಸಿ ಕೂಡಿಸಿದೆ. ಅಕ್ಕಾರ ಮುಖ ಅರಳಿತು. ಗಂಟಲಲ್ಲಿ ಗಂಟು ಇದೆಯೆಂದು ಹೇಳಿದರೆ ನಂಬದ ಹಾಗೆ ದನಿ ಏರಿತು. ಅಷ್ಟರಲ್ಲಿ ಚಹಾದವನು ತಡೆಯಲಾರದೆ ‘ಆಹಾ’ ಎಂದುಬಿಟ್ಟ. ಗಾಜಿನಾಚೆಯಿಂದ ತರುಣ ಕೈ ಅಡ್ಡ ಮಾಡಿ ನಿಲ್ಲಿಸಿದ. ಇವನನ್ನು ಹೊರಗೆ ಕಳಿಸಿರಿ, ಇವನ ದನಿ ಬೀಳುತ್ತಿದೆ ಎಂದ.

ಅಕ್ಕಾರು ಹೆಡ್‌ಫೋನ್ ತೆಗೆದು ನನ್ನ ಕೈಗೆ ಕೊಟ್ಟು ಎದ್ದರು. “ಹಾಡು ತಿಳಿದಾಂವನ್ನ ಹೊರಗ ಹಾಕಿ, ತಿಳೀದಾಂವನ್ನ ಗಾಜಿನ್ಯಾಗ ಜ್ವಾಕಿ ಮಾಡಿ ಇಟ್ಟೀರಿ. ನಡೀ ತಮ್ಮಾ, ನಮ್ಮ ಮಂದಿ ಮುಂದ ಹಾಡ್ತೇನಿ.”

ಹಾನಗಲ್ಲಿನ ಮರ್ಯಾದೆ

ಸ್ಟುಡಿಯೋದ ನಾಲ್ಕು ಸಾಲನ್ನು ಡಾಕ್ಟರರು ಲೆಕ್ಕಕ್ಕೆ ಹಿಡಿಯಲಿಲ್ಲ. ಹೀಗಾಗಿ ನಾಲ್ಕು ಊರಿನಲ್ಲಿ ಹಾಡುವುದು, ಅಲ್ಲಿಯೇ ತುಂಬಿಸುವುದು ಎಂದು ಗೊತ್ತಾಯಿತು. ಮೊದಲನೆಯದು ಹಾನಗಲ್ಲು, ಮುಂಜಾನೆ ಹತ್ತಕ್ಕೆ, ಒಂದು ಕಲ್ಯಾಣ ಮಂಟಪದಲ್ಲಿ. ಅಲ್ಲಿಯ ಜನ ಮರ್ಯಾದೆಗೆ ಹೆಸರಾದವರು. ಮರ್ಯಾದೆ ಎಂದರೆ ಶಾಲು. ಹಾಡು ಮುಗಿದ ಮೇಲೆ ಸನ್ಮಾನ ಇಟ್ಟುಕೊಳ್ಳಿರಿ ಎಂದು ಹಿರಿಯರಿಗೆ ಕೈಮುಗಿದು ಹೇಳಿದ್ದೆ. ಹಾಡು ಮುಗಿದ ಮೇಲೆ ಜನ ಊಟಕ್ಕೆ ಏಳುತ್ತಾರೆ, ಆಮೇಲೆ ಸನ್ಮಾನ ಯಾರ ಮುಂದೆ ಮಾಡುವುದು ಎಂದು ಅವರು ಕೇಳಿದರು.

ಎರಡನೆಯ ಪದ ರಂಗೇರಿದಾಗ ಶಾಲುಗಳು ಬರಹತ್ತಿದವು. ಅಕ್ಕಾರು ಐವತ್ತು ವರ್ಷದ ಅಭ್ಯಾಸದಿಂದ ಒಂದು ಸ್ವರವೂ ತಪ್ಪದೆ ಶಾಲು ಹೊದ್ದುಕೊಳ್ಳುತ್ತ ಹಾಡಿದರು. ಹಾರ್ಮೋನಿಯಂ ಪೇಟಿ ನುಡಿಸುವ ಹುಡುಗಿಯೂ ನಿಭಾಯಿಸಿದಳು. ತಬಲಾ ಮಾಸ್ತರರಿಗೆ ಹೊದಿಸಿದ ಶಾಲು ಮಾತ್ರ ಜಾರಿ ಎಡಗೈಯ ಡಗ್ಗಾದ ಮೇಲೆ ಬಿತ್ತು. ಅದನ್ನು ತೆಗೆಯಬೇಕೆಂದರೆ ಕೈ ಖಾಲಿಯಿಲ್ಲ. ಒಂದು ಕೈ ತಬಲಾ ಮಾತಾಡುತ್ತದೆ, ಇನ್ನೊಂದು ಕೈ ಹಾಸಿಗೆ ಬಡಿದ ಹಾಗೆ ಕೇಳುತ್ತದೆ. ಮಾಸ್ತರರು ನನ್ನ ಕಡೆ ನೋಡಿದ ನೋಟ ಇವತ್ತಿಗೂ ನೆನಪಿದೆ.

ಅಷ್ಟಕ್ಕೆ ಮುಗಿದಿದ್ದರೆ ಆಗುತ್ತಿತ್ತು. ಆ ಊರಿನ ಹಿರಿಯರೊಬ್ಬರು ರುಮಾಲು ಸುತ್ತುವುದರಲ್ಲಿ ಎತ್ತಿದ ಕೈ. ಅವರ ಕೈಯಿಂದ ರುಮಾಲು ಸುತ್ತಿಸಿಕೊಳ್ಳುವುದೆಂದರೆ ಎಲ್ಲರಿಗೂ ಸಿಗುವ ಭಾಗ್ಯವಲ್ಲ. ನಾನು ಹೆಡ್‌ಫೋನ್ ಹಾಕಿಕೊಂಡು ಮಿಕ್ಸರಿನ ಮುಂದೆ ತಲೆ ಬಗ್ಗಿಸಿ ಕುಳಿತಿದ್ದೆ. ಹಿಂದಿನಿಂದ ಬಂದವರೇ ಹೆಡ್‌ಫೋನಿನ ಮೇಲೆಯೇ ಸುತ್ತಲು ಶುರುಮಾಡಿದರು. ಬಿಗಿಯಾಗಿ, ಕಲೆಗಾರಿಕೆಯಿಂದ. ಹೆಡ್‌ಫೋನಿನ ವಾಯರೂ ರುಮಾಲಿನೊಳಗೆ ಸುತ್ತಿಕೊಂಡು ಮಿಕ್ಸರಿನಿಂದ ಕಿತ್ತುಬಂತು. ನನ್ನ ಎರಡೂ ಕಿವಿ ಮುಚ್ಚಿಹೋದವು. ಸಭೆ ಚಪ್ಪಾಳೆ ತಟ್ಟುವುದು ಕಣ್ಣಿಗೆ ಕಂಡಿತು, ಕಿವಿಗೆ ಕೇಳಲಿಲ್ಲ. ಹಿರಿಯರು ಸುತ್ತಿದ ರುಮಾಲನ್ನು ಅವರ ಎದುರಿಗೇ ಬಿಚ್ಚಿದರೆ ನನ್ನ ವಂಶ ಆ ಊರಿಗೆ ಮತ್ತೆ ಕಾಲಿಡುವ ಹಾಗಿಲ್ಲ. ಕಿವುಡನಾಗಿ ಕುಳಿತೇ ಉಳಿದ ಹಾಡನ್ನು ತುಂಬಿಸಿದೆ.

ಎರಡು ದಿನದ ಮೇಲೆ ಅಕ್ಕಾರ ಮನೆಯಲ್ಲಿ ಹಚ್ಚಿ ಕೇಳಿದಾಗ ತಿಳಿಯಿತು, ನಿರೂಪಣೆ ಮಾಡುವವರ ಮೈಕು ಅಷ್ಟು ಹೊತ್ತೂ ತೆರೆದೇ ಇತ್ತು. ಅಕ್ಕಾರು ಮೇಲಿನ ಸ್ವರದಲ್ಲಿ ನಿಂತಲ್ಲೆಲ್ಲ, ಊಟಕ್ಕೆ ಎಷ್ಟು ಮಂದಿ ಆಗಬಹುದು, ಬದನೆಕಾಯಿ ಕಡಿಮೆ ಬಿದ್ದಿದೆ, ಸಂತೆಗೆ ಯಾರನ್ನು ಓಡಿಸುವುದು ಎಂಬ ಚರ್ಚೆ ಸ್ಪಷ್ಟವಾಗಿ ಕೂತಿತ್ತು. ನನಗೆ ಭೂಮಿ ಬಾಯಿಬಿಡಬಾರದೇ ಅನಿಸಿತು. ಅಕ್ಕಾರು ಕಣ್ಣುಮುಚ್ಚಿ ಕೊನೆಯ ತನಕ ಕೇಳಿದರು.

“ಕಡೀಗೆ ಬದನೀಕಾಯಿ ಸಿಕ್ಕೂವೋ ಇಲ್ಲೋ?” ಎಂದರು.

ಖಾಲಿ ಬಾಯಿ

ಸವಣೂರು ನನ್ನೂರು. ಇಲ್ಲಿ ಶಾಲು ತಂದರೆ ಬಾಗಿಲಲ್ಲೇ ಕಸಿದುಕೊಳ್ಳುತ್ತೇನೆ ಎಂದು ಮೊದಲೇ ಸಾರಿದ್ದೆ. ವ್ಯವಸ್ಥೆಯೆಲ್ಲ ನನ್ನ ಹೆಂಡತಿಯ ತಮ್ಮನದು. ಅವನು ಹೇಳಿದ್ದನ್ನು ಹೇಳಿದಂತೆ ಮಾಡುವ ಮನುಷ್ಯ, ಹೇಳದ್ದನ್ನೂ ಮಾಡುವುದು ಅವನಲ್ಲಿರುವ ಒಂದೇ ದೋಷ. ಶಾಲಿಲ್ಲ, ಭಾಷಣವಿಲ್ಲ, ಮೊಬೈಲುಗಳನ್ನು ಬಂದ್ ಮಾಡಿಸಿದ್ದ. ನನಗೆ ಅವನ ಮೇಲೆ ಅಭಿಮಾನ ಉಕ್ಕಿತು.

ಅಕ್ಕಾರು ಆಲಾಪ ಎತ್ತಿಕೊಂಡರು. ಮೆಲ್ಲಗೆ, ತಳದ ಸ್ವರದಿಂದ. ಹೆಡ್‌ಫೋನಿನಲ್ಲಿ ಎಲ್ಲಿಯೋ ಒಣ ಎಲೆ ತುಳಿದಂತೆ ಸಪ್ಪಳ ಬಂತು. ವಾಯರು ಸಡಿಲವಾಗಿರಬೇಕೆಂದು ಒಂದೊಂದನ್ನೂ ಬಿಗಿ ಮಾಡಿದೆ. ಸಪ್ಪಳ ಹೆಚ್ಚಾಯಿತು. ಮೈಕು ಬದಲಿಸಿದೆ. ಈಗ ಸಪ್ಪಳ ಎಲ್ಲ ಕಡೆಯಿಂದ ಬರಹತ್ತಿತು. ತಲೆ ಎತ್ತಿ ನೋಡುತ್ತೇನೆ, ಸಭೆಗೆ ಸಭೆಯೇ ಕರಿದ ಖಾರಾ ಸೇವು ತಿನ್ನುತ್ತಿದೆ. ಕುಟುಂಬದವರು, ಬಳಗದವರು, ನನ್ನ ಮಾವನವರು ಎಲ್ಲರೂ ತೊಡೆಯ ಮೇಲೆ ಕಾಗದದ ಪೊಟ್ಟಣ ಬಿಚ್ಚಿಕೊಂಡು, ಅಕ್ಕಾರ ಹಾಡಿಗೆ ತಲೆದೂಗುತ್ತ, ಕುರುಕುರು ಅಗಿಯುತ್ತಿದ್ದಾರೆ.

ನಮ್ಮೂರ ಖಾರಾ ಎಂದರೆ ಗರಿಗರಿಗೇ ಹೆಸರು. ಮೆತ್ತಗಾದದ್ದನ್ನು ನಾವು ಅತಿಥಿಗೆ ಕೊಡುವುದಿಲ್ಲ. ಬಾವ, ಅದೂ ಇವತ್ತು ಮುಂಜಾನೆಯೇ ಕರಿಸಿದ್ದು ಎಂದು ಮೈದುನ ನನ್ನ ಕಿವಿಯಲ್ಲಿ ಹೆಮ್ಮೆಯಿಂದ ಉಸುರಿದ. ಯಾಕೋ ಹಂಚಿದೆ ಎಂದು ಹಲ್ಲು ಕಡಿದೆ.

“ಬಂದ ಮಂದೀನ ಖಾಲಿ ಬಾಯಿಲೆ ಕುಂದ್ರಸ್ತಾರೇನ್ರಿ? ನೀವ ಹೇಳಿದ್ರಿ, ಯಾರೂ ಬಾಯಿ ತಗದು ಮಾತಾಡಬಾರ್ದು ಅಂತ. ಅದಕ್ಕ ಬಾಯಿಗೆ ಕೆಲಸ ಕೊಟ್ಟೇನಿ.”

ಸಿಟ್ಟಿನಲ್ಲಿ ನನಗೆ ಮೈ ಉರಿಯಿತು, ಆದರೆ ಮಾವನವರ ಎದುರಿಗೆ ಏನು ಮಾಡುವುದು? ಅಕ್ಕಾರು ತಾಸು ಪೂರ್ತಿ ಹಾಡಿದರು. ಮುಗಿಸಿ ನೀರು ಕುಡಿಯುವಾಗ ಗುಟುಕು ಇಳಿಯದೆ ಕಣ್ಣಲ್ಲಿ ನೀರು ತಂದುಕೊಂಡದ್ದನ್ನು ನಾನೊಬ್ಬನೇ ನೋಡಿದೆ. ಹದಿನೈದು ದಿನದ ಹಿಂದೆ ಹಾಗಿರಲಿಲ್ಲ. ಡಾಕ್ಟರರು ಅನ್ನವನ್ನೂ ಗಂಜಿ ಮಾಡಿ ಕುಡಿಯಿರಿ ಎಂದಿದ್ದರಂತೆ.

ರೆಕಾರ್ಡಿಂಗ್ ಕೇಳಿಸಲು ನನಗೆ ಮುಖವಿರಲಿಲ್ಲ. ಆಗಿದ್ದನ್ನು ಬಾಯಿಂದಲೇ ಹೇಳಿ ತಪ್ಪು ಒಪ್ಪಿಕೊಂಡೆ. ಅಕ್ಕಾರು ಕೈ ಚಾಚಿ ಒಂದು ಪೊಟ್ಟಣ ತರಿಸಿಕೊಂಡರು. ಒಂದೇ ಒಂದು ಎಳೆ ಖಾರಾ ನಾಲಿಗೆಯ ಮೇಲೆ ಇಟ್ಟುಕೊಂಡು, ಅದು ಮೆತ್ತಗಾಗುವ ತನಕ ಚೀಪಿ, ನುಂಗದೆ ಸೆರಗಿನ ತುದಿಗೆ ಉಗುಳಿದರು.

“ಇಷ್ಟ ಚಲೋ ಖಾರಾ ಮುಂದಿದ್ರ ನಾನೂ ನನ್ನ ಹಾಡು ಕೇಳ್ತಿದ್ದಿಲ್ಲ ಬಿಡು,” ಎಂದರು.

ಇಲ್ಲಿಯವರು

ಶಿಗ್ಗಾಂವಿಯ ಕಾರ್ಯಕ್ರಮ ಊರೊಳಗೆ ಬೇಡ ಎಂದು ಹಟ ಹಿಡಿದವನು ನಾನು. ಊರಿದ್ದಲ್ಲಿ ಜನ, ಜನ ಇದ್ದಲ್ಲಿ ಮರ್ಯಾದೆ, ಮರ್ಯಾದೆ ಇದ್ದಲ್ಲಿ ಬಾಯಿ ಆಡುತ್ತದೆ. ಅದೇ ತಾಲೂಕಿನ ಬಂಕಾಪುರದ ಕೋಟೆಯ ಹತ್ತಿರ ಪರಿಚಯದವರ ತೋಟದ ಮನೆಯಿತ್ತು. ಆಯ್ದ ನೂರು ಜನ, ಮುಂಜಾನೆಯ ಹೊತ್ತು, ಹೆದ್ದಾರಿಯ ಸದ್ದೂ ಅಲ್ಲಿಗೆ ಮುಟ್ಟದು. ಹಿಂದಿನ ದಿನ ಮಧ್ಯಾಹ್ನ ಹೋಗಿ ಒಂದು ತಾಸು ಹೆಡ್‌ಫೋನ್ ಹಾಕಿಕೊಂಡು ಕುಳಿತು ನೋಡಿದ್ದೆ. ಎಲೆ ಅಲುಗುವ ಸಪ್ಪಳ ಬಿಟ್ಟರೆ ಏನೂ ಇಲ್ಲ.

ಮಧ್ಯಾಹ್ನ ಮಲಗುವ ನವಿಲು ಮುಂಜಾನೆ ಏಳುತ್ತದೆ ಎಂಬುದನ್ನು ನಾನು ಮರೆತಿದ್ದೆ. ಕೋಟೆಯಲ್ಲಿ ನವಿಲುಧಾಮ ಇರುವುದು ಶಾಲೆಯ ಹುಡುಗರಿಗೂ ಗೊತ್ತು. ಅಕ್ಕಾರು ಮೇಲಿನ ಷಡ್ಜ ಮುಟ್ಟಿದ್ದೇ ತಡ, ಗೋಡೆಯಾಚೆಯಿಂದ ಒಂದು ನವಿಲು ಉತ್ತರ ಕೊಟ್ಟಿತು. ಅಕ್ಕಾರು ನಕ್ಕು ಮತ್ತೆ ಮುಟ್ಟಿದರು. ಈ ಸಲ ನಾಲ್ಕು ಕೂಗಿದವು. ತಬಲಾ ಮಾಸ್ತರರು ನನ್ನ ಕಡೆ ಬಾಗಿ, ಪೇಟಿಗಿಂತ ನವಿಲೇ ಶ್ರುತಿಯಲ್ಲಿದೆ ಎಂದರು. ಪೇಟಿಯ ಹುಡುಗಿ ಕೇಳಿಸಿಕೊಂಡು ಅಳುಮುಖ ಮಾಡಿದಳು.

ಆದರೆ ಆ ದಿನ ಹಾಡು ನಿಲ್ಲಿಸಿದ ಸದ್ದು ನವಿಲಿನದಲ್ಲ. ಅರ್ಧ ತಾಸಿನ ಹೊತ್ತಿಗೆ ಅಕ್ಕಾರ ದನಿ ಒಂದು ಕಡೆ ಒಡೆಯಿತು. ಬಟ್ಟೆ ಹರಿದಂತೆ, ಸಣ್ಣಗೆ. ಅವರು ಅಲ್ಲಿಯೇ ನಿಂತರು, ನೀರು ಕುಡಿದರು, ಮುಂದುವರಿಸಿದರು. ಮತ್ತೆ ಅದೇ ಜಾಗದಲ್ಲಿ ಒಡೆಯಿತು. ಐವತ್ತು ವರ್ಷದಲ್ಲಿ ಮೊದಲ ಸಲ ಅವರು ತಾಸು ತುಂಬುವ ಮೊದಲೇ ಕೈಮುಗಿದು ಮುಗಿಸಿಬಿಟ್ಟರು. ನಾನು ಯಂತ್ರ ಬಂದ್ ಮಾಡಿದೆ. ಮೂರು ಊರು ಮುಗಿದವು, ಹುಡುಗಿಯರಿಗೆ ಪಾಠವಾಗುವಂಥ ಒಂದು ಪದವೂ ನನ್ನ ಕೈಯಲ್ಲಿರಲಿಲ್ಲ. ಇನ್ನು ಉಳಿದದ್ದು ಒಂದೇ ಮುಂಜಾನೆ.

ಆ ಸಂಕಟವನ್ನು ಯಾರ ಮೇಲಾದರೂ ತೀರಿಸಿಕೊಳ್ಳಬೇಕಿತ್ತು. ಧಾಮದ ಕಾವಲುಗಾರರು ಬೇಲಿಯ ಹತ್ತಿರ ನಿಂತು ಬೀಡಿ ಸೇದುತ್ತಿದ್ದರು. ಹೋಗಿ, ಒಂದು ತಾಸು ನಿಮ್ಮ ನವಿಲುಗಳನ್ನು ಸುಮ್ಮನಿರಿಸಲು ಆಗುವುದಿಲ್ಲವೇನು ಎಂದು ಕೂಗಾಡಿದೆ. ಅವರು ಬೀಡಿ ಆರಿಸಿ, ಬಹಳ ಶಾಂತವಾಗಿ ಹೇಳಿದರು.

“ಅವು ನಮ್ಮ ಕಡೆ ಒಮ್ಮೆರ ಬಂದು, ಅಕ್ಕಾರನ್ನ ಸುಮ್ಮನಿರಸ್ರಿ ಅಂತ ಹೇಳ್ಯಾವೇನ್ರಿ?”

ಹಿರೇಕೆರೂರು ಉಸಿರು ಹಿಡಿದದ್ದು

ಹಿರೇಕೆರೂರಿಗೆ ಎಂಟು ದಿನ ಮೊದಲೇ ಹೋದೆ. ಊರಿನ ಹಿರಿಯರು, ಮಹಿಳಾ ಸಂಘದವರು, ಮಂಟಪದವರು ಎಲ್ಲರನ್ನೂ ಕೂಡಿಸಿ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅಕ್ಕಾರು ಹಾಡುವುದು ಇದೇ ಕೊನೆ ಇರಬಹುದು, ಮೂರು ಕಡೆ ಕೆಟ್ಟಿದೆ, ಇನ್ನು ನೀವೇ ದಿಕ್ಕು ಎಂದೆ. ಹೇಳುವಾಗ ನನ್ನ ದನಿ ನಡುಗಿತು. ಸಿಟ್ಟಿನ ಮನುಷ್ಯನ ದನಿ ನಡುಗಿದರೆ ಜನ ಬಹಳ ಹೆದರುತ್ತಾರೆ ಎಂದು ನನಗೆ ಆಗ ಗೊತ್ತಿರಲಿಲ್ಲ.

ನಾನು ಹಾಕಿದ ಕಟ್ಟಳೆ ಇಷ್ಟು. ಶಾಲು ಬೇಡ, ತಿಂಡಿ ಬೇಡ, ಮೊಬೈಲು ಬೇಡ, ವಾಹ್ ಬೇಡ, ಆಹಾ ಬೇಡ. ಹಾಡು ಮುಗಿದ ಕೂಡಲೇ ಚಪ್ಪಾಳೆಯೂ ಬೇಡ, ತಂಬೂರಿಯ ನಾದ ತಾನಾಗಿ ಆರಬೇಕು. ನಾನು ಕೈ ಎತ್ತುತ್ತೇನೆ, ಆಗ ತಟ್ಟಿರಿ. ಕೈ ಎತ್ತುವ ತನಕ ಒಂದು ಸೂಜಿ ಬೀಳಕೂಡದು.

ಅವರು ನನಗಿಂತ ಮುಂದೆ ಹೋದರು. ಆ ದಿನ ಮುಂಜಾನೆ ಹೋಗಿ ನೋಡಿದರೆ, ಮಂಟಪದ ಗೋಡೆ ಗಡಿಯಾರ ಟಿಕ್ ಟಿಕ್ ಅನ್ನುತ್ತದೆಂದು ಅದರ ಸೆಲ್ ತೆಗೆದಿದ್ದರು. ಅಕ್ಕಪಕ್ಕದ ಮನೆಗಳಲ್ಲಿ ಕುಕ್ಕರ್ ಸೀಟಿ ಹಾಕಬಾರದೆಂದು ಬೆಳಗು ಹರಿಯುವ ಮೊದಲೇ ಅಡಿಗೆ ಮುಗಿಸಿಬಿಟ್ಟಿದ್ದರು. ಓಣಿಯ ನಾಯಿಗಳನ್ನು ಯಾರೋ ರೊಟ್ಟಿ ತೋರಿಸಿಕೊಂಡು ಕೆರೆಯ ಕಡೆ ಕರೆದೊಯ್ದಿದ್ದರು. ಕೆಮ್ಮು ಇದ್ದವರೆಲ್ಲ ತಾವಾಗಿಯೇ ಹೊರಗಿನ ಜಗಲಿಯಲ್ಲಿ, ಬಾಯಲ್ಲಿ ಲವಂಗ ಇಟ್ಟುಕೊಂಡು, ಕಿಡಕಿಗೆ ಕಿವಿ ಹಚ್ಚಿ ಸಾಲಾಗಿ ಕುಳಿತಿದ್ದರು. ಹೆಣ್ಣುಮಕ್ಕಳು ಬಳೆ ತೆಗೆಯುವ ಹಾಗಿಲ್ಲ, ಅದು ಅಪಶಕುನ. ಅದಕ್ಕೆ ಎರಡೂ ಕೈಯ ಬಳೆಗಳ ಮೇಲೆ ಅರಿವೆ ಸುತ್ತಿಕೊಂಡು ಬಂದಿದ್ದರು. ನಾಲ್ಕುನೂರು ಜನರಲ್ಲಿ ಅರ್ಧದಷ್ಟು ಜನ ಕೈಗೆ ಪೆಟ್ಟು ಮಾಡಿಕೊಂಡು ದವಾಖಾನೆಯಿಂದ ಎದ್ದು ಬಂದವರಂತೆ ಕಾಣುತ್ತಿದ್ದರು.

ಅಕ್ಕಾರು ಹಾಡಿದರು. ಮೊದಲ ಪದ ಮುಗಿಯಿತು, ತಂಬೂರಿ ಆರಿತು, ನಾನು ಕೈ ಎತ್ತಿದೆ, ಚಪ್ಪಾಳೆ ಬಿತ್ತು. ಎರಡನೆಯದು ಹಾಗೆಯೇ. ಮೂರನೆಯದೂ. ನನ್ನ ಹೆಡ್‌ಫೋನಿನಲ್ಲಿ ಅಕ್ಕಾರ ದನಿ, ಅದರ ಸುತ್ತ ಏನೂ ಇಲ್ಲ. ಅವರು ಉಸಿರು ಎಳೆದುಕೊಳ್ಳುವುದೂ ಬಿದ್ದಿತ್ತು. ಆದರೆ ವಾಹ್ ಅನ್ನುವವರಿಲ್ಲದೆ ಅವರ ಕಣ್ಣು ಸಭೆಯ ತುಂಬ ಹುಡುಕುತ್ತಿತ್ತು. ನೋಡಿಯೂ ನಾನು ಸುಮ್ಮನಿದ್ದೆ.

ಕೊನೆಯದು ಭೈರವಿಯಲ್ಲಿ ಒಂದು ತತ್ವಪದ. ಮೇಲಿನ ಸ್ವರಕ್ಕೆ ಹೋದಾಗ ದನಿ ಅದೇ ಜಾಗದಲ್ಲಿ ಒಡೆಯಿತು. ಈ ಸಲ ಅಕ್ಕಾರು ನಿಲ್ಲಲಿಲ್ಲ. ಒಡೆದ ಸ್ವರವನ್ನು ಹಾಗೆಯೇ ಹಿಡಿದುಕೊಂಡು ಮೆಲ್ಲಗೆ ಕೆಳಗಿಳಿದು, ಅಲ್ಲಿಂದ ಬೇರೆ ದಾರಿ ಹಿಡಿದು ಮತ್ತೆ ಮೇಲೆ ಹೋಗಿ ಮುಟ್ಟಿದರು. ಮೂವತ್ತು ವರ್ಷ ಸದ್ದಿನ ಧಂದೆ ಮಾಡಿದ್ದೇನೆ, ಅಂಥದ್ದನ್ನು ನಾನು ಕೇಳಿಲ್ಲ. ನಮ್ಮ ಅವ್ವ ತೀರಿಕೊಂಡ ದಿನ ಅಳದವನು ನಾನು. ಆ ದಿನ ಹೆಡ್‌ಫೋನ್ ಹಾಕಿಕೊಂಡು ಅತ್ತೆ.

ಹಾಡು ಮುಗಿಯಿತು. ತಂಬೂರಿ ನಿಂತಿತು. ನಾದ ಆರಿತು. ಎರಡೂ ಕೈಯಿಂದ ಹೆಡ್‌ಫೋನ್ ಒತ್ತಿ ಹಿಡಿದು, ಆ ನಾದ ಎಲ್ಲಿ ಹೋಯಿತು ಎಂದು ಹುಡುಕುತ್ತ ನಾನು ಕಣ್ಣುಮುಚ್ಚಿ ಕುಳಿತೇ ಇದ್ದೆ.

ಸಭೆಯಲ್ಲಿ ಯಾರೂ ಅಲುಗಲಿಲ್ಲ. ನಾಲ್ಕುನೂರು ಜನ ನನ್ನ ಕೈಯನ್ನೇ ನೋಡುತ್ತಿದ್ದರಂತೆ. ಅಕ್ಕಾರು ಒಂದು ಸಲ ಎಡಕ್ಕೆ ನೋಡಿದರು, ಒಂದು ಸಲ ಬಲಕ್ಕೆ. ಮುಂದಿನ ಸಾಲಿನ ಅಜ್ಜಿಯನ್ನು ನೋಡಿದರು. ಅಜ್ಜಿ ತುಟಿ ಬಿಗಿಹಿಡಿದು ಕಣ್ಣು ತಿರುಗಿಸಿತು. ತಬಲಾ ಮಾಸ್ತರರು ಕೆಮ್ಮಲು ಹೋಗಿ ತಡೆದುಕೊಂಡರು. ಆಮೇಲೆ ನನ್ನ ಹೆಡ್‌ಫೋನಿನಲ್ಲಿ ಅಕ್ಕಾರ ಮಾತು ಬಂತು, ಬಹಳ ಸಣ್ಣ ದನಿಯಲ್ಲಿ.

“ಯಾಕ್ರೀ, ಕೇಳಸಲಿಲ್ಲೇನು? ನನ್ನ ದನಿ ಹೋತೇನು?”

ಕಣ್ಣು ತೆರೆದೆ. ಊರಿಗೆ ಊರೇ ನನ್ನನ್ನು ನುಂಗುವಂತೆ ನೋಡುತ್ತಿದೆ. ನನಗೆ ತಲೆಬುಡ ಗೊತ್ತಾಗಲಿಲ್ಲ. ಯಂತ್ರ ನೋಡಿದೆ, ಸರಿ ನಡೆದಿದೆ. ವಾಯರು ನೋಡಿದೆ, ಸರಿ ಇದೆ. ಮುಂದಿನ ಸಾಲಿನ ಅಜ್ಜಿ ಅರಿವೆ ಸುತ್ತಿದ ತನ್ನ ಕೈಯನ್ನು ಮೇಲೆತ್ತಿ ಎತ್ತಿ ತೋರಿಸುತ್ತಿತ್ತು. ಪಾಪ, ಕೈಗೆ ಏನಾಗಿದೆಯೋ ಅಂದುಕೊಂಡೆ. ಅಕ್ಕಾರ ಮುಖ ಅಷ್ಟರಲ್ಲಿ ಬಿಳಿಚಿಕೊಂಡಿತ್ತು. ಅದನ್ನು ನೋಡಲಾರದೆ ಕಣ್ಣೊರೆಸಿಕೊಳ್ಳಲು ಕೈ ಮೇಲೆತ್ತಿದೆ.

ಮಂಟಪದ ತಗಡು ಹಾರಿಹೋಗುವಂತೆ ಚಪ್ಪಾಳೆ ಬಿತ್ತು. ಹಿಡಿದಿಟ್ಟ ವಾಹ್, ಆಹಾ, ಸೀನು, ಕೆಮ್ಮು ಎಲ್ಲ ಒಮ್ಮೆಲೇ ಹೊರಬಿದ್ದವು. ಮೀಟರಿನ ಮುಳ್ಳು ಕೆಂಪಿಗೆ ಹೋಗಿ ಅಲ್ಲಿಯೇ ನಿಂತಿತು. ಜಗಲಿಯ ಕೆಮ್ಮಿನವರು ಕಿಡಕಿ ಬಡಿದರು. ಅಜ್ಜಿ ಎದ್ದು ನಿಂತು ಬೆರಳು ಮಾಡಿ ಹೇಳಿದ್ದು ರೆಕಾರ್ಡಿಂಗಿನಲ್ಲಿ ಚೊಕ್ಕವಾಗಿ ಇದೆ. “ನಿಮ್ಮ ದನಿ ಹೋಗಿದ್ದಿಲ್ಲವ್ವಾ, ಈ ಸಾಬನ ಕೈ ಹೋಗಿತ್ತು.” ಅದರ ಹಿಂದೆಯೇ ಅಕ್ಕಾರು ನಕ್ಕಿದ್ದೂ ಇದೆ. ಅಷ್ಟು ದೊಡ್ಡದಾಗಿ ಅವರು ನಕ್ಕಿದ್ದನ್ನು ನಾನು ಹಿಂದೆ ಕೇಳಿರಲಿಲ್ಲ, ಮುಂದೆ ಕೇಳುವುದೂ ಇಲ್ಲ.

ಆಪರೇಶನ್ ಆಯಿತು. ಜೀವ ಉಳಿಯಿತು, ದನಿ ಉಳಿಯಲಿಲ್ಲ. ಈಗ ಅಕ್ಕಾರು ಕೊರಳಿಗೆ ಒಂದು ಅರಿವೆ ಕಟ್ಟಿಕೊಂಡು, ಪಕ್ಕದಲ್ಲಿ ಪಾಟಿ ಬಳಪ ಇಟ್ಟುಕೊಂಡು ಕೂಡುತ್ತಾರೆ. ಹಿರೇಕೆರೂರಿನ ಹಾಡುಗಳೇ ಆಲ್ಬಂ ಆದವು. ಹೊರತಂದ ಕಂಪನಿಯವರು ಕೊನೆಯಲ್ಲಿ ಒಂದು ನಿಮಿಷಕ್ಕೂ ಹೆಚ್ಚು ಸದ್ದೇ ಇಲ್ಲ, ಕೇಳುವವರು ಮೊಬೈಲು ಕೆಟ್ಟಿತೆಂದುಕೊಳ್ಳುತ್ತಾರೆ, ಅದನ್ನೂ ಆಮೇಲಿನ ಮಾತನ್ನೂ ಕತ್ತರಿಸೋಣ ಎಂದರು. ನನಗೂ ಅದೇ ಬೇಕಾಗಿತ್ತು, ನನ್ನ ಮಾನಗೇಡು ಅಲ್ಲಿಗೆ ಮುಚ್ಚಿಹೋಗುತ್ತಿತ್ತು. ಅಕ್ಕಾರು ಒಪ್ಪಲಿಲ್ಲ. ನಮ್ಮ ಕಡೆಯ ನಾಲ್ಕುನೂರು ಮಂದಿ ಒಂದು ನಿಮಿಷ ಸುಮ್ಮನೆ ಕುಳಿತದ್ದನ್ನು ಯಾವ ಗಾಯಕರೂ ಕಂಡಿಲ್ಲ, ಅದು ಇರಲಿ ಎಂದು ಪಾಟಿಯ ಮೇಲೆ ಬರೆದು ಕಳಿಸಿದರು.

ಹೋದ ವಾರ ಅವರ ಮನೆಗೆ ಹೋಗಿದ್ದೆ. ಆರೂ ಹುಡುಗಿಯರು ಆಲ್ಬಂ ಹಚ್ಚಿಕೊಂಡು ಅದರ ಸಂಗಡ ಭೈರವಿ ಹಾಡುತ್ತಿದ್ದರು. ಎಲ್ಲರಿಗಿಂತ ಸಣ್ಣವಳು ದನಿ ಒಡೆಯುವ ಜಾಗಕ್ಕೆ ಬಂದಾಗ, ಅಕ್ಕಾರಿಗೆ ಒಡೆದಂತೆಯೇ ತಾನೂ ಒಡೆದು ತೋರಿಸಿದಳು. ಬಹಳ ದಿನ ಕುಳಿತು ಕಲಿತಿರಬೇಕು, ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಅಕ್ಕಾರು ಬಳಪದಿಂದ ನೆಲ ಕುಟ್ಟಿ ನಿಲ್ಲಿಸಿ, ಪಾಟಿ ಎತ್ತಿ ಬರೆದು ತೋರಿಸಿದರು: “ಅದು ನನ್ನ ಗಂಟು. ನೀ ನೆಟ್ಟಗ ಹಾಡು.” ಹುಡುಗಿ ನೆಟ್ಟಗೆ ಹಾಡಿದಳು. ಅಕ್ಕಾರು ತಲೆದೂಗಿದರು.

ಪದ ಮುಗಿದು ತಂಬೂರಿಯ ನಾದ ಆರಿತು. ಆಲ್ಬಮ್ಮಿನಲ್ಲಿ ಆ ಮೌನ ಶುರುವಾಯಿತು. ನಾನು ನೆಲ ನೋಡುತ್ತ ಕುಳಿತೆ. ಯಂತ್ರದೊಳಗಿಂದ ಅಕ್ಕಾರ ಹಳೆಯ ದನಿ, ನನ್ನ ದನಿ ಹೋತೇನು ಎಂದು ಕೇಳಿತು. ಈ ಸಲ ಅದಕ್ಕೆ ಬೇರೆ ಉತ್ತರ ಇತ್ತಲ್ಲ, ನನಗೆ ತಲೆ ಎತ್ತಲಾಗಲಿಲ್ಲ. ಪಾಟಿಯ ಮೇಲೆ ಬಳಪ ಗೀಚುವ ಸಪ್ಪಳ ಕೇಳಿಸಿತು. ಅಕ್ಕಾರು ಪಾಟಿಯನ್ನು ನನ್ನ ಮುಖದ ಹತ್ತಿರ ತಂದು ಹಿಡಿದರು.

“ಈಗರ ಲಗೂನ ಕೈ ಎತ್ತೋ ತಮ್ಮಾ,” ಎಂದು ಬರೆದಿತ್ತು.

ಎರಡೂ ಕೈ ಎತ್ತಿದೆ.